ಬೋಳುಗುಡ್ಡದ ಸಸ್ಯಸಂಪತ್ತು



ಮಡಕಶಿರೆಯ ಸುತ್ತಣ ಗುಡ್ಡಗಳನ್ನು ನಾವು ಬೋಳುಗುಡ್ಡಗಳೆಂದು ಕರೆದುಬಿಡುತ್ತೇವೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಕಾಣುವ ಸೀಮೆ, ಬಂಡೆ, ಬಿಸಿಲು. ಬೋಳೆನ್ನದೆ ಮತ್ತೇನೆನ್ನುವುದು? ಆದರೆ ಹತ್ತಿ ನೋಡಿದವರಿಗೆ ಈ ಮಾತು ನಿಲ್ಲದು.

ಇಳಿಜಾರಿನಲ್ಲಿ ಮೊದಲು ಕಣ್ಣಿಗೆ ಬೀಳುವವು ಬಂದರೆ, ತಂಗಡಿ, ಕಳ್ಳಿ. ಇವೇ ಏಕೆ ಉಳಿದವು? ಬಂದರೆಯ ಎಲೆ ಅಂಟಂಟು. ಮೇಕೆ ಮೂಸಿ ಮುಂದೆ ಹೋಗುತ್ತದೆ. ತಂಗಡಿಗೂ ದನಕರು ಬಾಯಿಹಾಕುವುದು ಅಪರೂಪ. ಕಳ್ಳಿಗೆ ಹಾಲೂ ಮುಳ್ಳೂ ಕಾವಲು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಕಟ್ಟಿದವರು ಬಂದರೆಯನ್ನು ಮರೆತಿದ್ದರೆಂದು ತೋರುತ್ತದೆ! ಮೇದು, ಕಡಿದು, ಸುಟ್ಟ ಮೇಲೆ ಉಳಿದ ಶೇಷವಿದು. ಗುಡ್ಡದ ಸಮಗ್ರ ಸಂಪತ್ತಲ್ಲ.

ಆ ಸಂಪತ್ತು ಅಡಗಿ ಕುಳಿತಿದೆ. ಹಕ್ಕಿಗಳು ಉದುರಿಸಿದ ಬೀಜದಿಂದ ಕಳ್ಳಿಯ ಮೆಳೆಯೊಳಗೆ ಬೇವಿನ ಸಸಿ ಏಳುತ್ತದೆ. ಮುಳ್ಳೇ ಅದಕ್ಕೆ ಬೇಲಿ. ಬಂಡೆಯ ಬಿರುಕಿನಲ್ಲಿ ನಿಂತ ಹಿಡಿ ಮಣ್ಣಿನಲ್ಲಿ ಅರಿಸಿನ ಬೂರುಗ ಬೇರೂರಿ, ಎಲೆಯುದುರಿದ ಕಾಲದಲ್ಲಿ ಹಳದಿ ಹೂವನ್ನು ತಳೆಯುತ್ತದೆ. ಕಮರ, ದಿಂಡಿಗಗಳ ಬೊಡ್ಡೆಗಳು ನೆಲದಲ್ಲಿ ಜೀವ ಹಿಡಿದಿವೆ. ಮಳೆಗೆ ಚಿಗುರುತ್ತವೆ, ಮೇಯಿಸಿಕೊಳ್ಳುತ್ತವೆ, ಬೇಸಗೆಯ ಬೆಂಕಿಗೆ ಕರಿಕಾಗುತ್ತವೆ. ನಾವು ಪೊದೆಯೆಂದು ತಿಳಿದದ್ದು ಎಷ್ಟೋ ವೇಳೆ ಮರವಾಗಲು ಬಿಡದ ಮರ.

ಇದು ಬರಿಯ ಊಹೆಯಲ್ಲ. ನಮ್ಮ ಜಿಲ್ಲೆಯ ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ 32 ಎಕರೆ ಬರಡು ನೆಲದಲ್ಲಿ ಆರಂಭವಾದ ಟಿಂಬಕ್ಟು ಸಂಸ್ಥೆಯವರು ಬೆಂಕಿಯನ್ನೂ ಮೇಯಿಸುವುದನ್ನೂ ತಡೆದು ನೆಲವನ್ನು ಅದರ ಪಾಡಿಗೆ ಬಿಟ್ಟರು. ಹುಲ್ಲು ಬಂತು, ಗಿಡಗಳು ಬಂದವು. ಅನಂತರ ಸುತ್ತಣ ಹಳ್ಳಿಗರು ಕೂಡಿ ಕಲ್ಪವಲ್ಲಿಯೆಂಬ ಹೆಸರಿನಲ್ಲಿ ಸಾವಿರಾರು ಎಕರೆ ಗುಡ್ಡಕ್ಕೆ ಕಾವಲಿಟ್ಟರು. ಬೇಗ ಹಸಿರಾಗಲೆಂದು ಬಳ್ಳಾರಿ ಜಾಲಿಯನ್ನು ನೆಚ್ಚುವುದು ನಮಗೆ ಸರಿತೋರದು. ಅದು ದಟ್ಟವಾದೆಡೆ ಹುಲ್ಲು ಸೊರಗುತ್ತದೆ.

ಮೇಕೆ ಸಾಕುವವರನ್ನು ಜರೆದು ಫಲವಿಲ್ಲ, ಅದು ಅವರ ಅನ್ನ. ಸರದಿಯಂತೆ ಒಂದೊಂದು ಮಗ್ಗುಲನ್ನು ಕೆಲವು ವರ್ಷ ಮೇಯಿಸದೆ ಬಿಡಲು ಅವರೊಡನೆಯೇ ಕುಳಿತು ಮಾತನಾಡಬೇಕು.

ಕನ್ನಡದ ಉಪಾಧ್ಯಾಯರಿಗೆ ಗಿಡಗಳ ಗೊಡವೆ ಏಕೆ ಎನ್ನುವಿರೇನೊ. ನಮ್ಮ ತಂಗಡಿ ನೆರೆಯ ತೆಲುಗರಿಗೆ ತಂಗೇಡು. ಒಂದೇ ಗುಡ್ಡದಲ್ಲಿ ಬೆಳೆದ ಅಕ್ಕತಂಗಿಯರಂಥ ಮಾತುಗಳು. ದಿಂಡಿಗವನ್ನು ಕಾಣದ ಮಗುವಿಗೆ ಆ ಹೆಸರು ನಿಘಂಟಿನ ಶಬ್ದಮಾತ್ರ. ಆದುದರಿಂದ ಈ ವರ್ಷ ಮಳೆಗಾಲ ಕಳೆದೊಡನೆ ಸಂಘದ ವತಿಯಿಂದ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು, ಕಂಡ ಗಿಡಗಳ ಹೆಸರನ್ನು ಎರಡೂ ಭಾಷೆಗಳಲ್ಲಿ ಬರೆಯಿಸಬೇಕೆಂದು ವಿಜ್ಞಾಪಿಸುತ್ತೇವೆ. ಕುರಿ ಕಾಯುವ ಹಿರಿಯರೊಬ್ಬರು ಜೊತೆಗಿರಲಿ. ನಮ್ಮಂಥ ವಿದ್ವಾಂಸರಿಗೆ ತಿಳಿಯದ ಹೆಸರುಗಳು ಅವರ ನಾಲಗೆಯ ಮೇಲಿವೆ.