ಮೂಲ ಕೋಡಿಗೆ ಕೈ ಹಾಕಿದರೆ



ಕಾರ್ಖಾನೆಯ ಗೋದಾಮಿಗೆ ಕಚ್ಚಾ ಸರಕು ಬಂದಿಳಿದು, ಅದನ್ನು ಕಂಪ್ಯೂಟರಿನಲ್ಲಿ ದಾಖಲಿಸಿದ ಕ್ಷಣವೇ ಲೆಕ್ಕಪತ್ರ ವಿಭಾಗದ ಪುಸ್ತಕಕ್ಕೆ ಅದರ ಬೆಲೆ ಸೇರುತ್ತದೆ. ಹೀಗೆ ಇಡೀ ಸಂಸ್ಥೆಯ ವ್ಯವಹಾರವನ್ನು ಒಂದರೊಳಗೊಂದು ಹೆಣೆಯುವ ಸಾಫ್ಟ್‌ವೇರಿಗೆ ಇಆರ್‌ಪಿ ಎನ್ನುತ್ತಾರೆ. ಅವುಗಳಲ್ಲಿ ಹೆಸರಾದದ್ದು, ಐಬಿಎಂನಲ್ಲಿದ್ದ ಐವರು 1972ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಎಸ್‌ಎಪಿ ಕಂಪನಿಯದು.

ಎಸ್‌ಎಪಿಯ ಪ್ರೋಗ್ರಾಮುಗಳನ್ನು ಬರೆದಿರುವುದು ಮುಖ್ಯವಾಗಿ ಅಬಾಪ್ ಭಾಷೆಯಲ್ಲಿ. ಆ ಮೂಲ ಕೋಡ್ ಗ್ರಾಹಕರ ಕೈಗೇ ಬರುತ್ತದೆ. ಓದಬಹುದು, ತಿದ್ದಲೂಬಹುದು. ಅಪಾಯ ಇರುವುದೂ ಅಲ್ಲೇ. ‘ನಮ್ಮ ಹಳೆಯ ಡೀಲರುಗಳಿಗೆ ಸಾಲದ ಮಿತಿ ನೋಡಬೇಡಿ’ ಎಂದು ಮಾರಾಟ ವಿಭಾಗ ಕೇಳುತ್ತದೆ. ಪ್ರೋಗ್ರಾಮರ್ ಮೂಲ ಕೋಡಿನೊಳಗೆ ನಾಲ್ಕು ಸಾಲು ಸೇರಿಸುತ್ತಾರೆ. ಸಂಜೆಯೊಳಗೆ ಕೆಲಸ ಆಗುತ್ತದೆ, ಎಲ್ಲರಿಗೂ ಖುಷಿ.

ಆಮೇಲೆ ಎಸ್‌ಎಪಿ ಅದೇ ಪ್ರೋಗ್ರಾಮಿನ ಸುಧಾರಿತ ರೂಪವನ್ನು ಕಳಿಸುತ್ತದೆ. ಆಗ ‘ಸ್ಪೌ’ ಎಂಬ ಪಟ್ಟಿಯಲ್ಲಿ ಘರ್ಷಣೆಗಳು ಸಾಲುಗಟ್ಟುತ್ತವೆ. ಒಂದೊಂದಕ್ಕೂ ಉತ್ತರಿಸಬೇಕು: ಹೊಸ ಮೂಲ ಕೋಡನ್ನೇ ಒಪ್ಪುತ್ತೀರಾ, ನಿಮ್ಮ ತಿದ್ದುಪಡಿಯನ್ನು ಮತ್ತೆ ಸೇರಿಸುತ್ತೀರಾ? ಬರೆದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಆ ನಾಲ್ಕು ಸಾಲು ಯಾಕೆ ಬಂದವು ಎಂದು ಹೇಳಬಲ್ಲವರು ಕಚೇರಿಯಲ್ಲಿ ಯಾರೂ ಇಲ್ಲ. ತಪ್ಪು ನಿರ್ಧಾರವಾದರೆ ಬಿಲ್ ನಿಲ್ಲಬಹುದು, ಇಲ್ಲವೇ ಕೊಡಬಾರದವರಿಗೆ ಸಾಲ ಹೋಗಬಹುದು. ತೊಂದರೆ ಆ ತಿದ್ದುಪಡಿಯಿಂದಲೇ ಹುಟ್ಟಿದ್ದರೆ, ಅದನ್ನು ಸರಿಪಡಿಸುವ ಹೊಣೆ ಗ್ರಾಹಕರದೇ.

ಈ ಭಯಕ್ಕೆ ಸಂಸ್ಥೆಗಳು ಅಪ್‌ಡೇಟ್ ಹಾಕುವುದನ್ನೇ ಮುಂದೂಡುತ್ತವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೇಡು ಇದು. ಭದ್ರತೆಯ ಬಿರುಕುಗಳು ಮುಚ್ಚದೆ ಉಳಿಯುತ್ತವೆ. 2017ರ ಜುಲೈ 1ರಂದು ನಮ್ಮಲ್ಲಿ ಜಿಎಸ್‌ಟಿ ಬಂದಾಗ ಅದಕ್ಕೆ ಬೇಕಾದ ಬದಲಾವಣೆಗಳನ್ನು ಎಸ್‌ಎಪಿ ಕೊಟ್ಟಿತು. ಆದರೆ ಅವು ಕೂರಲು ವ್ಯವಸ್ಥೆ ಒಂದು ನಿಗದಿತ ಮಟ್ಟಕ್ಕಾದರೂ ಬಂದಿರಬೇಕಿತ್ತು. ಹಿಂದುಳಿದವರು ಮೊದಲು ಆ ಮಟ್ಟ ಮುಟ್ಟಬೇಕಾಯಿತು, ತೆರಿಗೆಯ ಕೆಲಸ ಆಮೇಲೆ.

‘ಮೂಲವನ್ನು ಮುಟ್ಟುವುದಿಲ್ಲ, ನಕಲು ಮಾಡಿ ತಿದ್ದುತ್ತೇವೆ’ ಎನ್ನುವವರಿದ್ದಾರೆ. ಗ್ರಾಹಕರು ಬರೆದ ಪ್ರೋಗ್ರಾಮಿನ ಹೆಸರು ಝಡ್ ಅಥವಾ ವೈ ಅಕ್ಷರದಿಂದ ಶುರುವಾಗಬೇಕೆಂಬುದು ರೂಢಿ. ಹಾಗೆ ನಕಲಾದ ಝಡ್ ಪ್ರೋಗ್ರಾಮು ಸ್ಪೌ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಮೂಲದಲ್ಲಿ ಸರಿಹೋದ ದೋಷ ನಕಲಿನಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ.

ಸರಿಯಾದ ದಾರಿ ಇಲ್ಲದಿಲ್ಲ. ಗ್ರಾಹಕರು ತಮ್ಮ ಕೋಡ್ ಸೇರಿಸಲೆಂದೇ ಯೂಸರ್ ಎಕ್ಸಿಟ್, ಬ್ಯಾಡಿ ಎಂಬ ಜಾಗಗಳನ್ನು ಎಸ್‌ಎಪಿ ಬಿಟ್ಟಿದೆ. ಅಲ್ಲಿ ಬರೆದದ್ದು ಬೇರೆಯಾಗಿ ಉಳಿಯುತ್ತದೆ. ಅದಕ್ಕೂ ಮೊದಲು, ಬದಲಾಗಬೇಕಾದದ್ದು ಸಾಫ್ಟ್‌ವೇರೋ ನಮ್ಮ ಪದ್ಧತಿಯೋ ಎಂದು ಕೇಳುವ ಧೈರ್ಯ ವ್ಯವಸ್ಥಾಪಕರಿಗೆ ಬೇಕು.

ಎಸ್‌ಎಪಿಯ ಇಸಿಸಿ ಎಂಬ ಹಳೆಯ ಆವೃತ್ತಿಯ ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯಲಿದೆ. ಅದರ ಬದಲಿಗೆ 2015ರಲ್ಲಿ ಬಂದ ಎಸ್‌4 ಹಾನಾದಲ್ಲಿ ಸರಕಿನ ದಾಖಲೆಗಳ ಟೇಬಲ್‌ಗಳೇ ಬದಲಾಗಿವೆ. ಹಳೆಯವುಗಳಿಗೆ ನೇರವಾಗಿ ಬರೆಯುತ್ತಿದ್ದ ಕೋಡ್ ಅಲ್ಲಿ ನಡೆಯದು. ಹಾಗಾಗಿ ಹೊಸದಕ್ಕೆ ಹೊರಟ ತಂಡಗಳು ಮೊದಲು ಝಡ್ ಪ್ರೋಗ್ರಾಮುಗಳ ಬಳಕೆಯ ಲೆಕ್ಕ ತೆಗೆಯುತ್ತವೆ. ವರ್ಷವಿಡೀ ಯಾರೂ ಓಡಿಸದೆ ಬಿಟ್ಟವು ಅದರಲ್ಲಿ ಸಿಗುತ್ತವೆ. ಅವನ್ನು ಹೊಸ ವ್ಯವಸ್ಥೆಗೆ ಹೊತ್ತೊಯ್ಯಬೇಕಾಗಿಲ್ಲ.