ಕಣಿಕೆಯ ಚಕ್ಕಡಿ, ಮಣ್ಣಿನ ಎತ್ತು



ಮಕ್ಕಳು ಮನೆಯಲ್ಲಿರುವ ಸಾಮಾನುಗಳಿಂದಲೇ ಮಾಡಬಹುದಾದ ಕೈಕೆಲಸಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನಾನು ತುಸು ಹಿಂಜರಿದೆನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿದವನ ಕೈ ಸೀಮೆಸುಣ್ಣದ ಹೊರತು ಬೇರೊಂದು ಉಪಕರಣವನ್ನು ಹಿಡಿದುದು ಕಡಿಮೆ. ಅಲ್ಲದೆ, ಕೈಯಿಂದ ಮಾಡಿ ತೋರಿಸಬೇಕಾದುದನ್ನು ಮುಖ ಕಾಣದ ಬಾನುಲಿಯಲ್ಲಿ ಬಾಯಿಂದ ಹೇಳುವುದು, ಹೋಳಿಗೆಯ ರುಚಿಯನ್ನು ಪತ್ರದಲ್ಲಿ ಬರೆದು ಕಳಿಸಿದಂತೆ. ಆದರೂ ಒಪ್ಪಿಕೊಂಡೆ. ಏಕೆ ಒಪ್ಪಿಕೊಂಡೆನೆಂಬುದನ್ನು ಹೇಳಿಯೇ ಮುಂದುವರಿಯುತ್ತೇನೆ.

ನನ್ನ ಮಗಳ ಮಗಳಿಗೆ ಎಂಟು ವರ್ಷ. ಗೋಕಾಕದಲ್ಲಿ ನಮ್ಮೊಡನೆಯೇ ಇರುತ್ತಾಳೆ. ಒಂದು ಸಂಜೆ ಶಾಲೆಯಿಂದ ಬಂದವಳೇ, ಮರುದಿನಕ್ಕೆ ಒಂದು ‘ಕ್ರಾಫ್ಟ್’ ಮಾಡಿಕೊಂಡು ಹೋಗಬೇಕೆಂದಳು. ಅವಳ ತಂದೆ ಪೇಟೆಗೆ ಹೋಗಿ ಥರ್ಮೋಕೋಲಿನ ಹಾಳೆ, ಮಿನುಗುವ ಕಾಗದ, ಅಂಟಿನ ನಳಿಗೆ, ಮೊದಲೇ ಕತ್ತರಿಸಿಟ್ಟ ಹೂಗಳ ಒಂದು ಪೊಟ್ಟಣ ಎಲ್ಲವನ್ನೂ ತಂದರು. ಊಟವಾದ ಮೇಲೆ ತಂದೆ ತಾಯಿ ಇಬ್ಬರೂ ಕುಳಿತರು. ಹುಡುಗಿ ಒಂಬತ್ತು ಗಂಟೆಗೆ ನಿದ್ದೆ ಹೋದಳು. ಹನ್ನೊಂದಕ್ಕೆ ಕೆಲಸ ಮುಗಿಯಿತು, ಬಹಳ ಚೆಂದವಾಗಿತ್ತು. ಬೆಳಿಗ್ಗೆ ಅವಳು ಅದನ್ನು ಸುತ್ತಲೂ ತಿರುಗಿಸಿ ನೋಡಿ, “ಅಜ್ಜಾ, ಇದರಾಗ ನಾ ಮಾಡಿದ್ದು ಯಾವುದು?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಹೊಳೆಯದಿರಲು ಬೇರೊಂದು ಕಾರಣವೂ ಇತ್ತು. ಇಂಥದೇ ತಪ್ಪನ್ನು ಅಳಿಯನಿಗಿಂತ ಮೊದಲು ನಾನೇ ಮಾಡಿದ್ದೆ. ಆ ಕಥೆಗೆ ಕಣಿಕೆಯ ಚಕ್ಕಡಿಯ ಮೂಲಕವೇ ಹೋಗಬೇಕು.

ನನ್ನ ತಾಯಿಯ ತವರು ಮೂಡಲಗಿ. ಈಗ ಅದು ತಾಲೂಕಿನ ಊರು. ನಾನು ಹುಡುಗನಾಗಿದ್ದಾಗ ಗೋಕಾಕ ತಾಲೂಕಿಗೆ ಸೇರಿದ್ದ ಒಂದು ಊರು. ಜೋಳದ ಸುಗ್ಗಿ ಮುಗಿದ ಮೇಲೆ ಹಿತ್ತಿಲಲ್ಲಿ ಕಣಿಕೆಯ ಬಣವೆ ನಿಲ್ಲುತ್ತಿತ್ತು. ದನಗಳ ಪಾಲಿನದರಲ್ಲಿ ಒಂದೆರಡು ದಂಟನ್ನು ನಾವು ಕದಿಯುತ್ತಿದ್ದೆವು. ಚೆನ್ನಾಗಿ ಒಣಗಿದ ದಂಟಿನ ಹೊರಸಿಪ್ಪೆಯನ್ನು ಉದ್ದಕ್ಕೆ ಸುಲಿದರೆ ಒಳಗೆ ಹತ್ತಿಯಷ್ಟು ಹಗುರಾದ ಬಿಳಿಯ ಬೆಂಡು ಸಿಕ್ಕುತ್ತದೆ. ಸಿಪ್ಪೆ ಬಿರುಸು, ಬೆಂಡು ಮೆತ್ತಗೆ. ಈ ಎರಡೇ ಗುಣಗಳ ಮೇಲೆ ಇಡೀ ಶಿಲ್ಪ ನಿಂತಿದೆ. ಸಿಪ್ಪೆಯ ಸೀಳನ್ನು ಬೆಂಡಿಗೆ ಚುಚ್ಚಿದರೆ ಅದು ಹಿಡಿದುಕೊಳ್ಳುತ್ತದೆ. ಅಂಟು ಬೇಡ, ಮೊಳೆ ಬೇಡ. ಮೊದಲನೆಯ ಪಾಠ ಕನ್ನಡಕ. ಎರಡು ಸೀಳುಗಳನ್ನು ಬಳೆಯಂತೆ ಬಾಗಿಸಿ, ನಡುವಿನ ಬೆಂಡಿನ ತುಂಡಿಗೆ ತುದಿಗಳನ್ನು ಚುಚ್ಚಿ, ಕಿವಿಗೆ ಎರಡು ಕಡ್ಡಿ ಸೇರಿಸಿದರಾಯಿತು. ಐದು ವರ್ಷದ ಮಗುವೂ ಮಾಡಬಲ್ಲುದು. ಆದರೆ ಸಿಪ್ಪೆ ಸುಲಿಯುವ ಕೆಲಸವನ್ನು ಮಾತ್ರ ದೊಡ್ಡವರು ಮಾಡಿಕೊಡಬೇಕು. ಅದರ ಅಂಚು ಕ್ಷೌರದ ಅಲಗಿನಂತೆ ಬೆರಳು ಕೊಯ್ಯುತ್ತದೆ.

ಚಕ್ಕಡಿ ಪದವಿ ತರಗತಿಯ ಪಾಠ. ಉದ್ದನೆಯ ಎರಡು ದಂಟುಗಳು, ಅವನ್ನು ಅಡ್ಡಲಾಗಿ ಕೂಡಿಸುವ ಸಿಪ್ಪೆಯ ಕಡ್ಡಿಗಳು, ಮುಂದೆ ನೊಗ, ಕೆಳಗೆ ಅಚ್ಚು, ಬೆಂಡನ್ನು ದುಂಡಗೆ ಕತ್ತರಿಸಿದ ಗಾಲಿ. ಗಾಲಿ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಒಂದು ಜಾಲಿಯ ಮುಳ್ಳು. ಆ ಮುಳ್ಳೇ ಕಡೆಗೀಲು. ವಚನದಲ್ಲಿ ಬರುವ ಈ ಮಾತನ್ನು ಎಂ.ಎ. ತರಗತಿಯಲ್ಲಿ ವಿವರಿಸುವಾಗ, ಅದನ್ನು ಎಂದೂ ಕೈಯಿಂದ ಚುಚ್ಚದ ವಿದ್ಯಾರ್ಥಿಗಳಿಗೆ ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆಯಬೇಕಾಗುತ್ತಿತ್ತು. ಹಳ್ಳಿಯಿಂದ ಬಂದವರೋ ಚಿತ್ರವಿಲ್ಲದೆಯೇ ತಲೆಯಾಡಿಸುತ್ತಿದ್ದರು. ಈಸು, ನೊಗ, ಅಚ್ಚು, ಮೂಗುದಾರ, ಮಿಣಿ ಈ ಶಬ್ದಗಳನ್ನು ನಿಘಂಟಿನಿಂದ ಕಲಿಯಬಹುದು, ನಿಜ. ನಾನು ಕಲಿತದ್ದು ಹಾಗಲ್ಲ.

ಅಂದಹಾಗೆ, ಈಗ ಕಣಿಕೆ ಸಿಗುವುದೂ ಮೊದಲಿನಷ್ಟು ಸುಲಭವಲ್ಲ. ಧೂಪದಾಳದ ಒಡ್ಡು, ಆಮೇಲೆ ಹಿಡಕಲ್ಲಿನ ಜಲಾಶಯ, ಅವುಗಳ ಕಾಲುವೆಗಳು ಬಂದಂತೆ ನಮ್ಮ ಕಡೆಯ ಎಷ್ಟೋ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ರೈತನ ಬದುಕು ಹಸನಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಬ್ಬಿನಿಂದ ಚಕ್ಕಡಿಯಾಗದು, ತಿಂದು ಮುಗಿಸಬಹುದಷ್ಟೆ. ದಂಟು ಸಿಗದವರು ಮನೆಯ ಕಡ್ಡಿಪೆಟ್ಟಿಗೆ, ಔಷಧದ ಬಾಟಲಿಯ ಮುಚ್ಚಳ, ಕಸಬರಿಗೆಯ ಕಡ್ಡಿ ಇವುಗಳಿಂದ ಅದೇ ಚಕ್ಕಡಿಯನ್ನು ಮಾಡಬಹುದು. ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಆರಂಭವಾದ ನೂಲಿನ ಗಿರಣಿಯ ಕಾರ್ಮಿಕರ ಮಕ್ಕಳು ನನ್ನ ಸಹಪಾಠಿಗಳಾಗಿದ್ದರು. ಅವರ ಗಾಡಿಗಳಿಗೆ ಸವೆದು ಎಸೆದ ಬಾಬಿನ್ನುಗಳೇ ಗಾಲಿ. ನಮಗೆ ಅವರ ಮೇಲೆ ಹೊಟ್ಟೆಕಿಚ್ಚು.

ಇನ್ನು ನನ್ನ ತಪ್ಪಿನ ಕಥೆ. ತೊಂಬತ್ತರ ದಶಕದಲ್ಲಿ ನನ್ನ ಮಗನಿಗೆ ಏಳೆಂಟು ವರ್ಷ. ಮೂಡಲಗಿಯಿಂದ ತಂದ ದಂಟಿನಲ್ಲಿ ಅವನೊಂದು ಗಾಡಿ ಮಾಡಲು ತೊಡಗಿದ್ದ. ಮೂರು ದಿನವಾದರೂ ಮುಗಿಯಲಿಲ್ಲ. ಬೆಂಡು ಅಚ್ಚನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಗಾಲಿ ತಿರುಗುತ್ತಿರಲಿಲ್ಲ. ಅವನು ಅಚ್ಚನ್ನು ಗಾಡಿಗೆ ಭದ್ರವಾಗಿ ಕಟ್ಟುವುದನ್ನು ಬಿಟ್ಟು, ಅದರ ಕೆಳಗೆ ದಾರದ ಎರಡು ಸಡಿಲ ಕುಣಿಕೆಗಳನ್ನು ಇಳಿಬಿಟ್ಟು ಅವುಗಳಲ್ಲಿ ಅಚ್ಚನ್ನು ತೂರಿಸುತ್ತ ಕುಳಿತಿದ್ದ. ಉತ್ತರಪತ್ರಿಕೆಗಳ ಕಂತೆಯಿಂದ ಎದ್ದು ಬಂದ ನನಗೆ ಅದು ತಿಳಿಗೇಡಿತನವಾಗಿ ಕಂಡಿತು. “ಕೊಡಿಲ್ಲಿ” ಎಂದು ಕೈಯಿಂದ ತೆಗೆದುಕೊಂಡೆ. ಕುಣಿಕೆಗಳನ್ನು ಕಿತ್ತು ಅಚ್ಚನ್ನು ಬಿಗಿದೆ. ಪೆನ್ನಿನ ರೀಫಿಲ್ಲನ್ನು ತುಂಡರಿಸಿ ಗಾಲಿಯ ತೂತಿನಲ್ಲಿ ಕೊಳವೆ ಕೂಡಿಸಿದೆ. ಕೊನೆಗೆ ಎರಡು ಮುಳ್ಳು. ಹತ್ತು ನಿಮಿಷದ ಕೆಲಸ. ಗಾಡಿ ಸರಾಗವಾಗಿ ಓಡಿತು. ಮಗ ಅದನ್ನು ನೋಡಿದ, “ಛಲೋ ಆತು” ಎಂದ, ಕಿಟಕಿಯ ಮೇಲಿಟ್ಟ. ಆಮೇಲೆ ಅದನ್ನು ಅವನು ಮುಟ್ಟಿದ್ದನ್ನು ನಾನು ಕಾಣೆ.

ಎಷ್ಟೋ ವರ್ಷಗಳ ಮೇಲೆ ಒಂದು ದಿನ ಘಟಪ್ರಭಾ ನಿಲ್ದಾಣದಲ್ಲಿ ಮೀರಜದ ಗಾಡಿಗಾಗಿ ಕಾಯುತ್ತ ನಿಂತಿದ್ದೆ. ಎದುರಿಗೆ ಸಾಮಾನಿನ ಗಾಡಿಯೊಂದು ಮೆಲ್ಲಗೆ ಸರಿಯುತ್ತಿತ್ತು. ಅದರ ಗಾಲಿಗಳನ್ನು ನೋಡುತ್ತಿದ್ದವನಿಗೆ ಥಟ್ಟನೆ ಹೊಳೆಯಿತು. ರೈಲಿನ ಗಾಲಿ ಅಚ್ಚಿನ ಮೇಲೆ ತಿರುಗುವುದಿಲ್ಲ. ಗಾಲಿ ಅಚ್ಚಿಗೆ ಬಿಗಿದಿರುತ್ತದೆ, ಅಚ್ಚೇ ತಿರುಗುತ್ತದೆ. ನನ್ನ ಮಗ ಮಾಡುತ್ತಿದ್ದುದು ಅದನ್ನೇ. ಬೆಂಡು ಬಿಗಿಯಾಗಿ ಹಿಡಿಯುತ್ತದೆಯೆಂದ ಮೇಲೆ ಹಿಡಿಯಲಿ, ಅಚ್ಚನ್ನೇ ಸಡಿಲ ಬಿಡೋಣ ಎಂದು ಆ ಹುಡುಗ ಮೂರು ದಿನ ಯೋಚಿಸಿ ಕಂಡುಕೊಂಡಿದ್ದ. ಕಡೆಗೀಲಿನ ವ್ಯಾಮೋಹದ ಕನ್ನಡ ಮೇಷ್ಟ್ರು ಅದನ್ನು ಹತ್ತು ನಿಮಿಷದಲ್ಲಿ ತಿದ್ದಿಬಿಟ್ಟರು. ಪುಣೆಯಲ್ಲಿರುವ ಮಗನಿಗೆ ಇದನ್ನು ಹೇಳಿದಾಗ ಅವನು ನಕ್ಕು, ತನಗೆ ನೆನಪೇ ಇಲ್ಲವೆಂದ. ಇರಲಿಕ್ಕಿಲ್ಲ.

ಮಕ್ಕಳ ಕೈಯ ಸೊಟ್ಟತನವನ್ನು ಸಹಿಸುವ ವಿವೇಕ ನಮ್ಮ ಹಿರಿಯರಿಗಿತ್ತೆಂದು ನನಗನಿಸುವುದು ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನೆದಾಗ. ಜ್ಯೇಷ್ಠ ಮಾಸದ ಕೊನೆಯ ದಿನ, ಮುಂಗಾರಿನ ಬಿತ್ತನೆಯ ಹೊತ್ತು, ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುವುದು ನಮ್ಮ ಕಡೆಯ ಹಬ್ಬ. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಕಡೆಗೂ ಉಂಟು. ಕುಂಬಾರರ ಎತ್ತು ಪೇಟೆಯಲ್ಲಿ ಸಿಗುತ್ತದೆ. ಆದರೆ ಮನೆಯಲ್ಲಿ ಮಕ್ಕಳಿದ್ದರೆ ಮಣ್ಣು ತಂದು ಅವರ ಮುಂದೆ ಇಡುವುದು ಒಳ್ಳೆಯದು. ಎರೆಮಣ್ಣೊಂದನ್ನೇ ಬಳಸಿದರೆ ಒಂದು ತೊಂದರೆಯಿದೆ. ನೀರು ಕುಡಿದಾಗ ಉಬ್ಬುವ ಆ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ನೀವೇ ಕಂಡಿರುತ್ತೀರಿ. ಆದುದರಿಂದ ಒಲೆಯ ಬೂದಿಯನ್ನಾಗಲಿ, ಸಣ್ಣಗೆ ಹಿಂಜಿದ ಹತ್ತಿಯನ್ನಾಗಲಿ ಕೂಡಿಸಿ, ರೊಟ್ಟಿಯ ಹಿಟ್ಟಿನಂತೆ ಚೆನ್ನಾಗಿ ನಾದಬೇಕು. ಕಾಲು ಗಿಡ್ಡ, ದಪ್ಪ. ಕೊರಳು, ಡುಬ್ಬ, ಕೋಡುಗಳನ್ನು ಬೇರೆ ಮಾಡಿ ಅಂಟಿಸದೆ ಒಂದೇ ಮುದ್ದೆಯಿಂದ ಎಳೆದು ತೆಗೆದರೆ ಗಟ್ಟಿ. ಕಣ್ಣಿಗೆ ಎರಡು ಜೋಳದ ಕಾಳು. ಒಣಗಿಸುವುದು ನೆರಳಿನಲ್ಲಿ.

ಇಷ್ಟು ಎಚ್ಚರ ವಹಿಸಿದರೂ ಒಂದೆರಡು ಎತ್ತಿನ ಕಾಲು ಮುರಿದೇ ಮುರಿಯುತ್ತದೆ. ಅದಕ್ಕೂ ವ್ಯವಸ್ಥೆಯಿದೆ! ಹಬ್ಬದ ಮರುದಿನ ಎಷ್ಟೋ ಊರುಗಳಲ್ಲಿ ಮಕ್ಕಳು ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ, ಕುಂಟೆತ್ತು ಬಂದಿದೆ, ಜೋಳ ನೀಡಿರೆಂದು ಹಾಡಿ ಕಾಳು ಕೂಡಿಸುತ್ತಾರೆ. ಚೆಂದದ ಎತ್ತುಗಳು ದೇವರ ಜಗಲಿಯಲ್ಲಿ ಕುಳಿತಿರುವಾಗ ಊರು ತಿರುಗುವ ಭಾಗ್ಯ ಕುಂಟೆತ್ತಿನದು. ಹುಡುಗನಾಗಿದ್ದಾಗ ನಾನೇ, ಕಾಲು ಸರಿಯಾಗಿದ್ದ ಎತ್ತಿನ ಕಾಲನ್ನು ಮೆಲ್ಲಗೆ ಮುರಿದುದುಂಟು.

ಗೋಕಾಕವೇನು ಆಟಿಕೆಗಳಿಗೆ ಹೊಸ ಊರಲ್ಲ. ಇಲ್ಲಿಯ ಜೀನಗಾರರು ಹಗುರಾದ ಮರದಿಂದಲೂ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಬಣ್ಣದ ಗೊಂಬೆಗಳು, ಹಣ್ಣುಗಳು ಕರದಂಟಿಗಿಂತ ಕಡಿಮೆಯಿಲ್ಲದ ಹೆಸರು ಪಡೆದಿದ್ದವು. ಆ ಬಾಳೆಹಣ್ಣನ್ನು ನಿಜವೆಂದು ನಂಬಿ ಕೈಹಾಕಿದ ಅತಿಥಿಗಳ ಕಥೆಗಳು ನಮ್ಮ ಮನೆಯಲ್ಲಿಯೂ ಇದ್ದವು. ಅದು ಪಳಗಿದ ಕೈಯ ಕೆಲಸ, ತಲೆಮಾರುಗಳ ಸಾಧನೆ. ಮಗುವಿನ ಮುಂದೆ ಅದನ್ನು ಮಾದರಿಯಾಗಿ ಇಟ್ಟು ‘ಹೀಗೆ ಮಾಡು’ ಎನ್ನುವುದು, ಅಕ್ಷರ ಕಲಿಯುವವನಿಗೆ ಷಟ್ಪದಿ ಬರೆಯೆಂದಂತೆ.

ಅಂಟಿನ ವಿಷಯವಾಗಿ ಒಂದು ಮಾತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳ ಕುಶಲಿಗಳು ಹುಣಸೆಬೀಜವನ್ನು ನೆನೆಸಿ ಅರೆದ ಅಂಟನ್ನು ಬಳಸುತ್ತಾರೆ. ನಮ್ಮ ಮಕ್ಕಳ ಕಾಗದದ ಕೆಲಸಕ್ಕೆ ಅಷ್ಟು ಶ್ರಮ ಬೇಡ. ಮೈದಾಹಿಟ್ಟಿನ ಗಂಜಿ ಸಾಕು, ಪಟಕ್ಕಾದರೆ ಅನ್ನದ ಅಗಳೇ ಸಾಕು.

ಅಂಟೇ ಬೇಡದ ಇನ್ನೊಂದು ಕೆಲಸವನ್ನು ಹೇಳುತ್ತೇನೆ. ಬಟಾಣಿ ಇಲ್ಲವೆ ಕಡಲೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಮಗುವಿನ ಮುಂದಿಡಿ. ಜೊತೆಗೆ ಕಸಬರಿಗೆಯ ಕಡ್ಡಿಗಳ ತುಂಡು. ಹಳೆಯ ಕಸಬರಿಗೆ ಬೇಡ, ಹೊಸದು. ಕಡ್ಡಿಯನ್ನು ಕಾಳಿಗೆ ಚುಚ್ಚುತ್ತ ಹೋದರೆ ಮನೆ, ಮಂಟಪ, ಗೋಪುರ ಏನು ಬೇಕಾದರೂ ಏಳುತ್ತದೆ. ಕಾಳು ಒಣಗಿದಂತೆ ಕುಗ್ಗಿ ಕಡ್ಡಿಯನ್ನು ಕಚ್ಚಿ ಹಿಡಿಯುವುದರಿಂದ ಮರುದಿನ ಅದು ಇನ್ನೂ ಗಟ್ಟಿ. ಆದರೆ ತೀರ ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡಬೇಡಿ. ಕಾಳನ್ನು ಮೂಗಿಗೆ ತುರುಕಿಕೊಂಡರೆ ಅದು ಅಲ್ಲಿ ಉಬ್ಬಿ ಪ್ರಾಣಸಂಕಟವಾಗುತ್ತದೆ. ಇದು ನನ್ನ ಶೋಧವಲ್ಲ. ಜರ್ಮನಿಯಲ್ಲಿ 1837ರಲ್ಲಿ ಶಿಶುಗಳ ಶಿಕ್ಷಣಕ್ಕೆ ಸಂಸ್ಥೆಯೊಂದನ್ನು ತೆರೆದ ಫ್ರೋಬೆಲನ ಪದ್ಧತಿಯಲ್ಲಿ ಕಾಳು-ಕಡ್ಡಿಗಳ ಈ ಕೆಲಸವೂ ಒಂದು ಪಾಠವಾಯಿತು. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಹುಡುಗನಿಗೆ ಹತ್ತಿರದ ವಸ್ತುಗಳು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಇನ್ನೂ ಕನ್ನಡಕ ಬಂದಿರಲಿಲ್ಲ. ಶಿಶುವಿಹಾರದಲ್ಲಿ ಉಳಿದ ಮಕ್ಕಳು ಕಣ್ಣಿಗೆ ಕಂಡ ಮನೆಗಳಂತೆ ಚೌಕ ಚೌಕವಾಗಿ ಕಟ್ಟಿದರೆ, ಇವನು ಕೈಯ ಸ್ಪರ್ಶವೊಂದನ್ನೇ ನಂಬಿ, ಅಲುಗಾಡದೆ ನಿಲ್ಲುವುದು ಯಾವುದೆಂದು ತಡವಿ ನೋಡಿ, ತ್ರಿಕೋನಗಳನ್ನು ಕಟ್ಟಿದ. ಮುಂದೆ 1967ರ ಮಾಂಟ್ರಿಯಲ್ ಪ್ರದರ್ಶನದಲ್ಲಿ ಅವನ ಮಹಾಗೋಲವನ್ನು ಲೋಕ ಬೆರಗಾಗಿ ನೋಡಿತು. ಆ ದಿನ ಶಿಕ್ಷಕಿ ಅವನ ಕಡ್ಡಿಗಳನ್ನು ಕಿತ್ತು ಚೌಕವಾಗಿ ತಿದ್ದಿದ್ದರೆ ಏನಾಗುತ್ತಿತ್ತೋ, ಊಹಿಸುವುದು ಕಷ್ಟ.

ಹಳೆಯ ಅರಿವೆಯ ಗೊಂಬೆ, ಕೌದಿಯ ಚೂರುಗಳ ಚೀಲ, ಮಾವಿನ ಓಟೆಯ ಪೀಪಿ ಇವನ್ನೆಲ್ಲ ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು, ಅವರನ್ನೇ ಕೇಳಿರಿ. ನಾನು ಮೊಮ್ಮಗಳಿಗೆ ಮಾಡಿಕೊಟ್ಟುದು ಒಂದೇ. ಬಿಸ್ಕಿಟಿನ ಹಳೆಯ ತಗಡಿನ ಡಬ್ಬಿಯೊಂದನ್ನು ಅವಳಿಗೆ ಕೊಟ್ಟು, ಮನೆಯಲ್ಲಿ ಎಸೆಯುವ ಮುಂಚೆ ಗುಂಡಿ, ದಾರ, ಮುಚ್ಚಳ, ಲಗ್ನಪತ್ರಿಕೆ ಎಲ್ಲವನ್ನೂ ಅವಳಿಗೆ ತೋರಿಸಬೇಕೆಂದು ಕಟ್ಟಳೆ ಮಾಡಿದೆ. ಮನೆಯವಳಿಗೆ ಇದರಿಂದ ಕಸ ಹೆಚ್ಚಾಯಿತೆಂಬ ದೂರು ಇದೆ. ದೂರು ನ್ಯಾಯವಾದದ್ದೇ.

ಕೊನೆಯದಾಗಿ, ಮನೆಯೇ ಇಲ್ಲದ ಹೊತ್ತಿನ ಒಂದು ಸಂಗತಿ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಬಂದವು. ಲೋಳಸೂರಿನ ಸೇತುವೆ ಮುಳುಗಿತು. ಗೋಕಾಕದ ಎಷ್ಟೋ ಓಣಿಗಳಲ್ಲಿ ನೀರು ಹೊಕ್ಕಿತು. ಜನ ಉಟ್ಟ ಬಟ್ಟೆಯಲ್ಲಿ ಎದ್ದು ಬಂದಿದ್ದರು. ಅವರು ತಂಗಿದ್ದ ಒಂದು ಶಾಲೆಗೆ ನಾನೂ ನಾಲ್ಕು ಹೊದಿಕೆಗಳನ್ನು ಹೊತ್ತು ಹೋಗಿದ್ದೆ. ಪಡಸಾಲೆಯ ಮೂಲೆಯಲ್ಲಿ ಒಬ್ಬ ಹುಡುಗಿ, ಬ್ರೆಡ್ಡಿನ ಪೊಟ್ಟಣಗಳು ಬಂದ ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ ಮನೆ ಮಾಡಿದ್ದಳು. ಬಾಗಿಲು ಎಲ್ಲಿ ಎಂದು ಕೇಳಿದೆ. ಮೇಲಕ್ಕೆ ತೋರಿಸಿದಳು, ಮಾಳಿಗೆಯ ಮೇಲೆ ಒಂದು ಚೌಕ ಕತ್ತರಿಸಿದ್ದಳು. “ನೀರು ಬಂದ್ರ ಹೊರಗ ಬರಾಕ ಬೇಕಲ್ರಿ ಅಜ್ಜಾರ” ಎಂದಳು. ಅಲ್ಲಿಗೆ ಹತ್ತಲು ಕಸಬರಿಗೆಯ ಕಡ್ಡಿಯ ಏಣಿಯನ್ನು ಕಟ್ಟುತ್ತಿದ್ದಳು. ಮೆಟ್ಟಿಲುಗಳು ಸಮನಾಗಿರಲಿಲ್ಲ, ಮೂರನೆಯದು ಗಿಡ್ಡವಾಗಿ ಜಾರುತ್ತಿತ್ತು. ನನ್ನ ಕಿಸೆಯಲ್ಲಿ ಚಿಕ್ಕ ಚಾಕು ಇತ್ತು. ಕೈ ಅಲ್ಲಿಯವರೆಗೆ ಹೋಯಿತು, ಅಲ್ಲಿಯೇ ನಿಂತಿತು. “ಏನರ ಬೇಕೇನವ್ವಾ?” ಎಂದೆ. “ದಾರ ಸಾಲವಲ್ದು” ಎಂದಳು. ಹೊದಿಕೆಯ ಗಂಟಿಗೆ ಸುತ್ತಿದ್ದ ದಾರವನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ.