ಧೂಳಿನ ದಾರಿಯಲ್ಲಿ ಮೊಪೆಡ್ ಎಂಜಿನ್ನಿನ ಶಕ್ತಿ ಕುಗ್ಗಿದಾಗ



ತೊಗರಿ ಹೂವಾಡುವ ಕಾಲಕ್ಕೆ ಕಾಯಿಕೊರಕ ಕಾಣಿಸಿಕೊಂಡರೆ ಔಷಧಿ ಹೊಡೆಯುವುದನ್ನು ನಾಳೆ ನಾಡಿದ್ದಿಗೆ ಮುಂದೂಡುವಂತಿಲ್ಲ. ಆಗತಾನೆ ಮೊಟ್ಟೆಯೊಡೆದು ಬಂದ ಸಣ್ಣ ಹುಳು ಔಷಧಿಗೆ ಬೇಗ ಸಾಯುತ್ತದೆ. ಬೆಳೆದು ಕಾಯಿಯೊಳಗೆ ತಲೆ ತೂರಿಸಿದ ಹುಳುವನ್ನು ಕೊಲ್ಲುವುದು ಕಷ್ಟ. ಇಂತಹ ದಿನಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಎಷ್ಟೋ ರೈತರ ಪಂಪು, ಔಷಧಿ, ನೀರಿನ ಕ್ಯಾನುಗಳನ್ನು ಹೊಲಕ್ಕೆ ಮುಟ್ಟಿಸುವುದು ಮೊಪೆಡ್. ಅದೇ ದಿನ ಗಾಡಿ ಏರು ಹತ್ತದೆ ನಿಂತರೆ ಬೆಳೆಗೇ ಪೆಟ್ಟು.

ಪೆಡಲ್ ಇರುವ ಸೈಕಲ್ಲಿಗೆ ಸಣ್ಣ ಎಂಜಿನ್ ಕೂಡಿಸಿದ ವಾಹನವಾಗಿಯೇ ಮೊಪೆಡ್ ಹುಟ್ಟಿತು. ನಮ್ಮ ದೇಶದಲ್ಲಿ 1972ರಲ್ಲಿ ಲೂನಾ, 1980ರಲ್ಲಿ ಟಿ.ವಿ.ಎಸ್. 50 ಬಂದು ಹಳ್ಳಿಗಳನ್ನು ತಲುಪಿದವು. ಈಗ ಪೆಡಲ್ ಹೋಗಿದೆ, ಆದರೆ ಎಂಜಿನ್ ಇಂದಿಗೂ ಚಿಕ್ಕದೇ. ಚಿಕ್ಕ ಎಂಜಿನ್ನಿನಲ್ಲಿ ಸ್ವಲ್ಪ ದೋಷವಾದರೂ ಎಳೆಯುವ ಶಕ್ತಿ ಥಟ್ಟನೆ ಕುಗ್ಗುತ್ತದೆ. ಕುಗ್ಗಿದ ಕೂಡಲೇ ಕಾರ್ಬೋರೇಟರಿನ ತಿರುಪು ತಿರುಗಿಸುವುದು, ಇಲ್ಲವೇ ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸುವುದು ಹಲವರ ರೂಢಿ. ಇದು ಸರಿಯಲ್ಲ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನ ಪರೀಕ್ಷೆ ಕೊನೆಗೆ ಎಂಬ ಕ್ರಮ ಇಟ್ಟುಕೊಂಡರೆ ಹೆಚ್ಚಿನ ದೋಷಗಳು ಮನೆಯ ಅಂಗಳದಲ್ಲೇ ಪತ್ತೆಯಾಗುತ್ತವೆ.

ಮೊದಲು ದೋಷ ಎಂಜಿನ್ನಿನದೇ ಹೌದೋ ಎಂದು ನೋಡಬೇಕು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಎಂಜಿನ್ ನಿಲ್ಲಿಸಿ, ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಗಾಲಿ ಬಿಗಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಚೈನು ಧೂಳು ತಿಂದು ಒಣಗಿದೆ ಎಂದು ತಿಳಿಯಬೇಕು. ಟೈರಿನ ಗಾಳಿಯನ್ನೂ ನೋಡಬೇಕು. ಎಂಜಿನ್ ಜೋರಾಗಿ ಕೂಗುತ್ತಿದ್ದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿರಬಹುದು. ಹೊರೆಯ ಲೆಕ್ಕವೂ ಇರಲಿ. ಇಬ್ಬರು ಕುಳಿತು, 45 ಕಿಲೋ ಯೂರಿಯಾ ಚೀಲ ಎರಡು ಇಟ್ಟು, ಚಿಂಚೋಳಿಯ ಗುಡ್ಡದ ದಾರಿ ಹತ್ತುವಾಗ ಗಾಡಿ ಏದುಸಿರು ಬಿಟ್ಟರೆ ಅದು ಎಂಜಿನ್ನಿನ ತಪ್ಪಲ್ಲ.

ಎರಡನೆಯದು ಗಾಳಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ಒಂದು ಸಣ್ಣ ಫಿಲ್ಟರಿನ ಮೂಲಕವೇ ಒಳಗೆ ಹೋಗಬೇಕು. ಈ ಭಾಗದಲ್ಲಿ ಫರ್ಸಿ ಕಲ್ಲಿನ ಗಣಿಗಳಿವೆ, ವಾಡಿ ಮತ್ತು ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಲಾರಿ ಓಡಾಟ ಹೆಚ್ಚು. ಬೇಸಿಗೆಯಲ್ಲಿ ಎರೆಹೊಲದ ಬಂಡಿದಾರಿಯೂ ಹಿಟ್ಟಿನಂತಾಗುತ್ತದೆ. ಆದುದರಿಂದ ಇಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಕಪ್ಪು ಹೊಗೆ ಬರುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ, ಏರಿನಲ್ಲಿ ಶಕ್ತಿ ಬೀಳುತ್ತದೆ.

ಸ್ಪಂಜಿನ ಫಿಲ್ಟರ್ ಇದ್ದರೆ ಹೊರತೆಗೆದು ಸೋಪಿನ ನೀರಿನಲ್ಲಿ ಹಿಂಡಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದ್ದರೆ ಕೆಲವು ಹನಿ ಎಣ್ಣೆ ಸವರಿ ಕೂಡಿಸಬೇಕು. ಸ್ಪಂಜನ್ನು ತಿರುಚಿದರೆ ಹರಿಯುತ್ತದೆ. ಅಂಗೈಯಿಂದ ಒತ್ತಿ ಹಿಂಡಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು. ಮೆಲ್ಲಗೆ ತಟ್ಟಿ ಧೂಳು ಬೀಳಿಸಬೇಕು, ಹೆಚ್ಚು ಕೊಳೆಯಾಗಿದ್ದರೆ ಬದಲಿಸಬೇಕು. ಪುಸ್ತಕದಲ್ಲಿರುವ ಅವಧಿ ಸಾಮಾನ್ಯ ರಸ್ತೆಗೆ ಹೇಳಿದ್ದು. ಧೂಳಿನ ದಾರಿಗೆ ಅದಕ್ಕಿಂತ ಬೇಗನೆ ಶುಚಿ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಫಿಲ್ಟರ್ ತೆಗೆದುಹಾಕಿದರೆ ಗಾಡಿ ಹಗುರಾಗಿ ಓಡುತ್ತದೆ ಎಂದು ಕೆಲವರು ಅದನ್ನು ಬಿಸಾಡಿಬಿಡುತ್ತಾರೆ. ಕೆಲವು ದಿನ ಹಾಗೆ ಕಂಡೀತು. ಆದರೆ ಧೂಳು ನೇರವಾಗಿ ಒಳಹೊಕ್ಕು ಎಣ್ಣೆಯೊಡನೆ ಕಲೆತು ಸಾಣೆ ಹಿಡಿಯುವ ಮಸಾಲೆಯಂತಾಗುತ್ತದೆ. ಪಿಸ್ಟನ್, ರಿಂಗು, ಸಿಲಿಂಡರುಗಳನ್ನು ತೇಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮೊದಲು ಕ್ರ್ಯಾಂಕಿನ ಮನೆಯ ಮೂಲಕ ಹಾಯುವುದರಿಂದ ಬೇರಿಂಗುಗಳೂ ಕೆಡುತ್ತವೆ. ಫಿಲ್ಟರಿನ ಬೆಲೆ ಉಳಿಸಲು ಹೋಗಿ ಎಂಜಿನ್ನಿನ ಬೆಲೆ ತೆರುವುದು ಜಾಣತನವಲ್ಲ.

ಮೂರನೆಯದು ಪೆಟ್ರೋಲ್. ಗಾಡಿ ಸ್ವಲ್ಪ ದೂರ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆಗೆದು ಹಾಕಿದ ಮೇಲೆ ಮತ್ತೆ ಹೊರಟರೆ, ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಧೂಳಿನಿಂದ ಮುಚ್ಚಿದೆ ಎಂದರ್ಥ. ಅದನ್ನು ಶುಚಿ ಮಾಡಿದರೆ ಸಾಕು. ಕಾರ್ಬೋರೇಟರ್ ಇರುವ ಗಾಡಿಯಲ್ಲಿ ಪೆಟ್ರೋಲ್ ನಲ್ಲಿಯ ಕೊಳವೆ ಬಿಡಿಸಿ ಧಾರೆ ಸರಿಯಾಗಿ ಬರುತ್ತದೆಯೇ ನೋಡಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಸೇರಿರುವುದರಿಂದ ಅದು ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ತಳಕ್ಕೆ ಇಳಿದು ನಿಲ್ಲುತ್ತದೆ. ಮಳೆಗಾಲದಲ್ಲಿ ಮುಚ್ಚಳ ಭದ್ರವಾಗಿರಲಿ, ಬಹು ದಿನ ನಿಂತ ಪೆಟ್ರೋಲನ್ನು ಬಳಸದಿರಲಿ. ಬಾಟಲಿಯಲ್ಲಿ ಮಾರುವ ಪೆಟ್ರೋಲಿನಲ್ಲಿ ಏನು ಬೆರೆತಿದೆ ಎಂದು ಹೇಳಲಾಗದು.

ಹಳೆಯ ಟೂ ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನೊಡನೆ ಆಯಿಲ್ ಬೆರೆಸಲೇಬೇಕು. ಪ್ರಮಾಣ ಲೀಟರಿಗೆ 20 ಮಿಲಿ ಎಂದಿದ್ದರೆ ಅಷ್ಟೇ ಹಾಕಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ. ಹೆಚ್ಚಾದರೆ ಪ್ಲಗ್ಗು ಒದ್ದೆಯಾಗಿ ಮಸಿ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು. ಅದರ ಎಂಜಿನ್ ಆಯಿಲ್ ಮಟ್ಟವನ್ನು ಬೇರೆಯಾಗಿಯೇ ನೋಡಬೇಕು. ಮನೆಯಲ್ಲಿ ಎರಡೂ ಬಗೆಯ ಎಂಜಿನ್ ಇದ್ದರೆ ಡಬ್ಬಿಗಳ ಮೇಲೆ ಗುರುತು ಬರೆದಿಡುವುದು ಲೇಸು.

ನಾಲ್ಕನೆಯದು ಪ್ಲಗ್ಗು. ವೈದ್ಯರು ನಾಲಿಗೆ ನೋಡುವಂತೆ ಪ್ಲಗ್ಗಿನ ತುದಿ ನೋಡಿ ಎಂಜಿನ್ನಿನ ಸ್ಥಿತಿ ತಿಳಿಯಬಹುದು. ತಿಳಿ ಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಒಣ ಕಪ್ಪು ಮಸಿ ಇದ್ದರೆ ಗಾಳಿ ಕಡಿಮೆ ಅಥವಾ ಪೆಟ್ರೋಲ್ ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಆಯಿಲ್ ಹೆಚ್ಚು, ಫೋರ್ ಸ್ಟ್ರೋಕಿನಲ್ಲಾದರೆ ರಿಂಗು ಸವೆದಿರಬಹುದು. ಬಿಳಿಚಿಕೊಂಡಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಅಂತಹ ಗಾಡಿಯನ್ನು ಹಾಗೆಯೇ ಓಡಿಸಬಾರದು. ಪುಸ್ತಕದಲ್ಲಿ ಹೇಳಿದ ನಂಬರಿನ ಪ್ಲಗ್ಗನ್ನೇ ಹಾಕಬೇಕು.

ಐದನೆಯದು ಸೈಲೆನ್ಸರ್. ಟೂ ಸ್ಟ್ರೋಕ್ ಗಾಡಿ ಚೆನ್ನಾಗಿ ಚಾಲೂ ಆಗಿ, ನಿಧಾನವಾಗಿ ಸರಿಯಾಗಿಯೇ ಓಡಿ, ವೇಗ ಕೊಟ್ಟಾಗ ಮಾತ್ರ ಉಸಿರುಗಟ್ಟಿದಂತೆ ಆದರೆ, ಹೊಗೆ ಹೋಗುವ ದಾರಿಯಲ್ಲಿ ಮಸಿ ತುಂಬಿರುವ ಸಂಭವ ಹೆಚ್ಚು. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ ಮಸಿ ಕೆರೆದು ತೆಗೆಯಬೇಕು. ಸಿಲಿಂಡರಿನ ಬಾಯಲ್ಲಿ ಕಟ್ಟಿದ ಮಸಿಯನ್ನು ಅನುಭವಿ ಮಿಸ್ತ್ರಿಯಿಂದಲೇ ತೆಗೆಸಬೇಕು. ಮೊನಚಾದ ಕಬ್ಬಿಣ ತಾಗಿದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಶಕ್ತಿ ಬಾರದೆ, ಕಿಕ್ ಹೊಡೆದಾಗ ಕಾಲಿಗೆ ತಡೆಯೇ ಸಿಗದೆ ಸಡಿಲೆನಿಸಿದರೆ, ಆಗ ರಿಂಗು ಸವೆದಿರಬಹುದೆಂದು ಮಿಸ್ತ್ರಿಗೆ ತೋರಿಸಬೇಕು. ಎಂಜಿನ್ ಬಿಚ್ಚುವ ಸರದಿ ಬರುವುದು ಈಗ, ಮೊದಲಲ್ಲ. 2020ರ ಏಪ್ರಿಲ್ ನಂತರದ ಹೊಸ ಮೊಪೆಡ್‌ಗಳಲ್ಲಿ ಕಾರ್ಬೋರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ವಿದ್ಯುತ್ ವ್ಯವಸ್ಥೆ ಇದೆ. ಎಂಜಿನ್ನಿನ ಎಚ್ಚರಿಕೆ ದೀಪ ಆರದೆ ಉರಿಯುತ್ತಿದ್ದರೆ ಅದರ ತಂತಿಗಳನ್ನು ಮುಟ್ಟದೆ ಸರ್ವಿಸ್ ಕೇಂದ್ರಕ್ಕೆ ಒಯ್ಯಬೇಕು. ಆದರೆ ಗಾಲಿ, ಚೈನು, ಫಿಲ್ಟರ್, ಪ್ಲಗ್ಗುಗಳ ಪರೀಕ್ಷೆ ಅವುಗಳಿಗೂ ಒಂದೇ.

ಪೆಟ್ರೋಲಿನ ಕೆಲಸವನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ ಮಾಡಬೇಕು. ಹತ್ತಿರದಲ್ಲಿ ಬೀಡಿ, ಒಲೆ, ದೀಪ ಇರಕೂಡದು.

ಬೆನ್ನಿಗೆ ಕಟ್ಟಿಕೊಳ್ಳುವ ಟೂ ಸ್ಟ್ರೋಕ್ ಪವರ್ ಸ್ಪ್ರೇಯರಿಗೂ ಫಿಲ್ಟರ್, ಪೆಟ್ರೋಲ್, ಪ್ಲಗ್ಗು, ಮಸಿ ಎಂಬ ಇದೇ ಕ್ರಮ ಅನ್ವಯಿಸುತ್ತದೆ. ತೊಗರಿ ಹೂವಿಗೆ ಬರುವ ಮುನ್ನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಎರಡನ್ನೂ ನೋಡಿಟ್ಟರೆ, ಹುಳು ಕಂಡ ದಿನವೇ ಪಂಪು ಹೊಲದಲ್ಲಿರುತ್ತದೆ.